ಹಿಂತಿರುಗಿ ನೋಡುವವರು

ಫಾಲ್ಗುಣದ ಬಿಸಿಲು ಮನೆಗಳ ಹೆಂಚನ್ನು ಮುಟ್ಟುವ ಮೊದಲೇ ಯಳಂದೂರಿನ ಆ ಬೀದಿಯಲ್ಲೆಲ್ಲ ಸುದ್ದಿ ಹರಡಿತ್ತು: ಬೆಂಕಿ ತಾತ ತೀರಿಕೊಂಡರು. ತಂದೆತಾಯಿಗಳು ಅವರಿಗೆ ಇಟ್ಟ ಹೆಸರು ಬೇರೆಯೇ ಇದ್ದಿತು. ಆದರೆ ಬೀದಿಯ ಮಕ್ಕಳಿಗೆ ಅದು ತಿಳಿಯದು. ಮೂವತ್ತು ವರ್ಷಕ್ಕೂ ಮಿಗಿಲಾಗಿ ಅಗ್ನಿಶಾಮಕ ದಳದಲ್ಲಿ ದುಡಿದು, ಪ್ರಮುಖ ಅಗ್ನಿಶಾಮಕರಾಗಿ ನಿವೃತ್ತರಾಗಿ ಹುಟ್ಟೂರಿಗೆ ಬಂದು ನೆಲೆಸಿದ್ದ ಆ ಹಿರಿಯರು, ಯಾರ ಮನೆಯ ಮಾಡಿನಿಂದ ಹೊಗೆ ತುಸು ದಟ್ಟವಾಗಿ ಎದ್ದರೂ ಬಾಗಿಲಲ್ಲಿ ನಿಂತು, "ಏನವ್ವಾ, ಒಳಗೆ ಎಲ್ಲ ಸರಿಯಾಗಿದೆಯೇ?" ಎಂದು ವಿಚಾರಿಸಿಯೇ ಮುಂದೆ ಹೋಗುತ್ತಿದ್ದರು. ದೀಪಾವಳಿಯ ಮೂರು ರಾತ್ರಿಗಳೂ ಅವರ ಜಗುಲಿಯ ಮೇಲೆ ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು ಸಿದ್ಧವಾಗಿರುತ್ತಿದ್ದವು. ಅದನ್ನು ಕಂಡು ನಗುವವರೂ ಇದ್ದರು. ಒಂದು ವರ್ಷ ಪಟಾಕಿಯ ಕಿಡಿ ಹಾರಿ ಹುಲ್ಲಿನ ಮೆದೆಯೊಂದಕ್ಕೆ ತಗುಲಿದ ಮೇಲೆ ಆ ನಗು ನಿಂತುಹೋಯಿತು.

ಸಾವು ನಿದ್ರೆಯಲ್ಲಿಯೇ ಬಂದಿದ್ದಿತು. ಎಪ್ಪತ್ತೈದನ್ನು ಸಮೀಪಿಸಿದವರಿಗೆ ಇದಕ್ಕಿಂತ ಸುಖದ ಮರಣ ಬೇರೊಂದಿಲ್ಲವೆಂದು ನೆರೆಹೊರೆಯವರು ಮಾತನಾಡಿಕೊಂಡರು. ಶವವನ್ನು ನಡುಮನೆಯಲ್ಲಿ ಮಲಗಿಸಿ, ತಲೆಯ ಬಳಿ ದೀಪ ಹಚ್ಚಿಟ್ಟಿದ್ದರು. ಹನೂರಿನಿಂದ ಮಗಳು ಬರಬೇಕಾಗಿದ್ದಿತು. ಹನೂರಿನಿಂದ ಕೊಳ್ಳೇಗಾಲಕ್ಕೆ ಒಂದು ಬಸ್ಸು, ಅಲ್ಲಿಂದ ಯಳಂದೂರಿಗೆ ಇನ್ನೊಂದು. ಅಳಿಯ ಅರಣ್ಯ ಇಲಾಖೆಯಲ್ಲಿ ಬೇಸಗೆಯ ಬೆಂಕಿ ಕಾವಲಿಗೆ ನಿಂತವನು. ಮಲೆಯ ಮಹದೇಶ್ವರನ ಬೆಟ್ಟದ ಕಾಡಿನಲ್ಲಿ ತರಗೆಲೆ ಒಣಗಿ ಕಿಡಿಗಾಗಿ ಕಾಯುತ್ತಿರುವ ದಿನಗಳು ಅವು. ಅವನಿಗೆ ರಜೆ ದೊರೆಯುವುದು ದುರ್ಲಭ. ಮಗಳೊಬ್ಬಳೇ ಮಗುವನ್ನು ಎತ್ತಿಕೊಂಡು ಹೊರಟಿರುವಳೆಂದು ತಿಳಿದುಬಂದಿತ್ತು. ಆಕೆ ಬರುವ ತನಕ ಶವ ಎತ್ತುವಂತಿರಲಿಲ್ಲ.

ಆ ಕಾಯುವಿಕೆಯ ನಡುವೆಯೇ ಮೃತರ ಪತ್ನಿ, ಅತ್ತು ಬತ್ತಿದ ಕಣ್ಣುಗಳನ್ನೆತ್ತಿ, ಮಗನನ್ನು ಮೆಲ್ಲನೆ ಕೇಳಿದರು:

"ಪೋಲೀಸಿನವರು ಯಾವಾಗ ಬರುತ್ತಾರಪ್ಪಾ? ಬಾವುಟ ಅವರೇ ತರುತ್ತಾರೆಯೇ?"

ಮಗ ಶಾಲೆಯ ಉಪಾಧ್ಯಾಯ. ಬೆಳಗಿನಿಂದ ಮೂರು ನಾಲ್ಕು ಕಡೆಗೆ ಫೋನು ಮಾಡಿ ವಿಚಾರಿಸಿದ್ದ. ಎಲ್ಲೆಡೆಯೂ ಸೌಜನ್ಯದಿಂದಲೇ ಉತ್ತರ ಬಂದಿದ್ದಿತು: ಸರ್ಕಾರಿ ಗೌರವವೆಂಬುದು ಸರ್ಕಾರದ ಆದೇಶದಿಂದ ಸಲ್ಲತಕ್ಕದ್ದು, ನಿವೃತ್ತರಾಗಿ ಮನೆಯಲ್ಲಿ ವಯೋಧರ್ಮದಿಂದ ತೀರಿಕೊಂಡವರಿಗೆ ಅದು ಅನ್ವಯಿಸುವುದಿಲ್ಲ. ಇದನ್ನು ತಾಯಿಗೆ ಹೇಗೆ ಹೇಳಬೇಕೆಂದು ತೋಚದೆ ಅವನು ಕಂಬಕ್ಕೊರಗಿ ನಿಂತುಬಿಟ್ಟ.

ಆಕೆಯ ಪ್ರಶ್ನೆ ಬರಿಯ ಆಸೆಯಿಂದ ಹುಟ್ಟಿದುದಲ್ಲ. ಸಂಸಾರದ ನಡುಗಾಲದಲ್ಲಿ ಆ ದಂಪತಿಗಳು ಕೊಳ್ಳೇಗಾಲದಲ್ಲಿ ವಾಸವಾಗಿದ್ದರು. ಆ ವರ್ಷಗಳನ್ನು ಅಲ್ಲಿ ಕಳೆದ ಯಾರಿಗೂ ಸಮವಸ್ತ್ರದವರ ಸಾವು ದೂರದ ಸಂಗತಿಯಲ್ಲ. ಕಾಡುಗಳ್ಳ ವೀರಪ್ಪನ್ ಮೆರೆಯುತ್ತಿದ್ದ ಕಾಲ. 1991ರ ನವೆಂಬರ್ 10ರಂದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್, ಶರಣಾಗತಿಯ ಮಾತನ್ನು ನಂಬಿ ಗೋಪಿನಾಥಂ ಕಾಡಿಗೆ ಹೋಗಿ ಕೊಲೆಯಾದರು. ಕಳ್ಳನ ಊರೆಂದು ಹೆಸರಾಗಿದ್ದ ಆ ಗೋಪಿನಾಥದಲ್ಲಿಯೇ ಬಡವರಿಗೆ ಮನೆ, ಔಷಧಿ, ಮಾರಿಯಮ್ಮನಿಗೊಂದು ಗುಡಿ ಎಂದು ದುಡಿದಿದ್ದವರು ಅವರು. ಮರುವರ್ಷ ಅವರಿಗೆ ಮರಣೋತ್ತರವಾಗಿ ಕೀರ್ತಿಚಕ್ರ ಸಂದಿತು. 1992ರ ಆಗಸ್ಟ್ 14ರಂದು, ನಾಡೆಲ್ಲ ಸ್ವಾತಂತ್ರ್ಯೋತ್ಸವಕ್ಕೆ ತೋರಣ ಕಟ್ಟುತ್ತಿದ್ದಾಗ, ಮೀಣ್ಯದ ಬಳಿಯ ಹೊಂಚಿನಲ್ಲಿ ಎಸ್.ಪಿ. ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಮತ್ತು ಅವರ ಸಂಗಡಿಗರು ಗುಂಡಿಗೆ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರಿನ ಬಳಿ ನೆಲಬಾಂಬು ಸಿಡಿದು ಇಪ್ಪತ್ತೆರಡು ಮಂದಿ ಮಡಿದರು. ಪತ್ರಿಕೆಗಳಲ್ಲಿ ಬಾವುಟ ಹೊದ್ದ ಪೆಟ್ಟಿಗೆಗಳ ಚಿತ್ರ ಬಂದಾಗಲೆಲ್ಲ ಆಕೆ ಗಂಡನ ಕಡೆ ನೋಡುತ್ತಿದ್ದರು. ಆತ ಆ ಪುಟವನ್ನು ಮಡಿಸಿ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಸಮವಸ್ತ್ರ ತೊಟ್ಟವನು ಸತ್ತರೆ ಊರು ಎದ್ದು ನಿಲ್ಲುತ್ತದೆ ಎಂಬ ನಂಬಿಕೆ ಆ ಗೃಹಿಣಿಯ ಮನಸ್ಸಿನಲ್ಲಿ ಅಂದೇ ಬೇರೂರಿತ್ತು.

ಹತ್ತು ಗಂಟೆಯ ಹೊತ್ತಿಗೆ ಕೊಳ್ಳೇಗಾಲದ ಬಸ್ಸಿನಿಂದ ಮೂವರು ವೃದ್ಧರು ಇಳಿದು ಬಂದರು. ಮೂವರೂ ಬಿಳಿಯ ಅಂಗಿ, ಬಿಳಿಯ ಪಂಚೆ ಉಟ್ಟಿದ್ದರು. ಒಬ್ಬರು ಠಾಣಾಧಿಕಾರಿಯಾಗಿ ನಿವೃತ್ತರಾದವರು. ಇನ್ನೊಬ್ಬರು ಫೈರ್ ಇಂಜಿನ್ನಿನ ಚಾಲಕರಾಗಿದ್ದವರು. ಮೂರನೆಯವರು ಮೃತರೊಡನೆ ಒಂದೇ ಹೋಸು ಪೈಪನ್ನು ಹಿಡಿದು ವರ್ಷಗಟ್ಟಲೆ ಹೊಗೆಯೊಳಗೆ ನುಗ್ಗಿದವರು. ಬಾಗಿಲ ಹೊರಗೆ ಚಪ್ಪಲಿ ಕಳಚಿ, ಸಾಲಾಗಿ ಒಳಗೆ ಬಂದು, ಶವದ ಪಾದದ ಬಳಿ ಕ್ಷಣಕಾಲ ನಿಂತರು. ಹೂವಿನ ಹಾರ ಹಾಕಿದರು. ಬಳಿಕ ಠಾಣಾಧಿಕಾರಿಗಳು ಮೃತರ ಪತ್ನಿಯ ಎದುರು ನೆಲದ ಮೇಲೆ ಕುಳಿತರು. ಆಕೆ ಮಗನಿಗೆ ಹಾಕಿದ ಪ್ರಶ್ನೆಯನ್ನೇ ಅವರಿಗೂ ಹಾಕಿದರು.

ಅವರು ಉತ್ತರವನ್ನು ಮರೆಮಾಚಲಿಲ್ಲ.

"ಬಾವುಟದ ವಿಷಯ ಬಹಳ ಕಟ್ಟುನಿಟ್ಟು, ಅತ್ತಿಗೆ. ಸರ್ಕಾರಿ ಗೌರವದ ಶವಸಂಸ್ಕಾರ, ಸೈನ್ಯದ್ದು, ಅರೆಸೈನ್ಯದ್ದು, ಇಷ್ಟಕ್ಕೆ ಮಾತ್ರ ಅದನ್ನು ಹೊದಿಸಬಹುದು. ಉಳಿದವರಿಗೆ ಪ್ರೀತಿಯಿಂದ ಹೊದಿಸಿದರೂ ಅದು ಅಪರಾಧ. 1971ರ ಕಾನೂನು ಹಾಗೆ ಹೇಳುತ್ತದೆ."

ಅವರು ಹೇಳಿದುದು ನಿಜ. ರಾಷ್ಟ್ರಧ್ವಜವನ್ನು ಹೊದಿಸುವಲ್ಲಿಯೂ ಕ್ರಮವುಂಟು. 2002ರ ಧ್ವಜಸಂಹಿತೆ ಅದನ್ನು ವಿವರಿಸುತ್ತದೆ. ಕೇಸರಿಯ ಪಟ್ಟಿ ಶವದ ತಲೆಯ ಕಡೆಗಿರಬೇಕು. ಧ್ವಜವನ್ನು ಗುಳಿಯೊಳಗೆ ಇಳಿಸಕೂಡದು, ಚಿತೆಯ ಮೇಲೆ ಸುಡಕೂಡದು. ಮಡಿದವನು ಮಣ್ಣಾಗುತ್ತಾನೆ, ಬೂದಿಯಾಗುತ್ತಾನೆ. ಧ್ವಜ ಮಾತ್ರ ಬದುಕಿರುವವರ ಕೈಗೆ ಹಿಂತಿರುಗುತ್ತದೆ. ಪೋಲೀಸರ ಗೌರವದಲ್ಲಿ 'ಶೋಕ ಶಸ್ತ್ರ' ಎಂಬ ಆಜ್ಞೆಯಾದೊಡನೆ ಬಂದೂಕುಗಳು ತಲೆಕೆಳಗಾಗುತ್ತವೆ. ನಳಿಗೆಯ ತುದಿ ಬೂಟಿನ ಮೇಲೆ ಊರುತ್ತದೆ, ಹಿಡಿಯ ಮೇಲೆ ಕೈಯಿಟ್ಟು ಸಿಪಾಯಿ ತಲೆ ತಗ್ಗಿಸುತ್ತಾನೆ. ಮೂರು ಸುತ್ತು ಗುಂಡುಗಳನ್ನು ಆಕಾಶಕ್ಕೆ ಹಾರಿಸುತ್ತಾರೆ. ಕಹಳೆ 'ಲಾಸ್ಟ್ ಪೋಸ್ಟ್' ನುಡಿಯುತ್ತದೆ. ಪಾಳೆಯದಲ್ಲಿ ದಿನದ ಕೆಲಸ ಮುಗಿಯಿತು, ಇನ್ನು ವಿಶ್ರಮಿಸಬಹುದು ಎಂದು ಸಾರುತ್ತಿದ್ದ ಸ್ವರವೇ ಅದು.

ಹೊರಗಿನಿಂದ ನೋಡುವವರಿಗೆ ಇದೆಲ್ಲ ಆಡಂಬರದಂತೆ ತೋರಬಹುದು. ಸತ್ತವನಿಗೆ ಕಹಳೆ ಕೇಳಿಸುವುದೇ ಎಂದು ಕೇಳುವವರೂ ಉಂಟು. ಆದರೆ ಸಮವಸ್ತ್ರದವರ ಮರ್ಯಾದೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಅವುಗಳ ಹಿಂದೆ ಒಂದು ಸರಳವಾದ ಅರ್ಥವಿರುವುದು ಗೋಚರವಾಗುತ್ತದೆ. ಮಡಿದವನು ದಿನವೂ ಬಳಸುತ್ತಿದ್ದ ಉಪಕರಣವನ್ನು, ದಿನವೂ ಮಾಡುತ್ತಿದ್ದ ಕ್ರಿಯೆಯನ್ನು, ಅವನಿಗಾಗಿ ಒಮ್ಮೆ ನಿಧಾನವಾಗಿ ಮಾಡುವುದು, ಇಲ್ಲವೆ ತಿರುವಿ ಮಾಡುವುದು, ಇಷ್ಟೇ. ಬಂದೂಕು ಹಿಡಿದವನಿಗೆ ತಲೆಕೆಳಗಾದ ಬಂದೂಕು ಮರ್ಯಾದೆ. ಹಾಗಾದರೆ ಬಂದೂಕನ್ನೇ ಹಿಡಿಯದವನಿಗೆ?

"ನಮ್ಮ ಕೈಯಲ್ಲಿ ಬಂದೂಕಿರಲಿಲ್ಲ, ಅತ್ತಿಗೆ. ಇದ್ದುದು ನೀರಿನ ಕೊಳವೆ" ಎಂದರು ಠಾಣಾಧಿಕಾರಿಗಳು. "ಕೊಳವೆಯನ್ನು ತಲೆಕೆಳಗೆ ಮಾಡಿದರೆ ಬೂಟು ನೆನೆದೀತು, ಅಷ್ಟೇ."

ಆ ಶೋಕದ ಮನೆಯಲ್ಲಿಯೂ ಒಂದು ಕ್ಷೀಣವಾದ ನಗು ಸುಳಿದು ಹೋಯಿತು.

ಬೆಂಕಿಯ ಕೆಲಸದವರಿಗೂ ಅವರದೇ ಆದ ಮರ್ಯಾದೆಗಳಿವೆ. ನ್ಯೂಯಾರ್ಕ್ ನಗರದಲ್ಲಿ ಅಗ್ನಿಶಾಮಕನೊಬ್ಬ ಕರ್ತವ್ಯದಲ್ಲಿ ಮಡಿದರೆ ಐದೈದರಂತೆ ನಾಲ್ಕು ಬಾರಿ ಗಂಟೆಯ ಪೆಟ್ಟುಗಳು ಬೀಳುತ್ತವೆ. ಠಾಣೆಯಿಂದ ಠಾಣೆಗೆ ತಂತಿಯ ಮೂಲಕ ಸುದ್ದಿ ಹೋಗುತ್ತಿದ್ದ ಕಾಲದ ಸಂಕೇತ ಅದು. ತಂತಿಯ ಕಾಲ ಮುಗಿದರೂ ಆ ಇಪ್ಪತ್ತು ಪೆಟ್ಟುಗಳು ಉಳಿದುಕೊಂಡಿವೆ. 2001ರ ಸೆಪ್ಟೆಂಬರ್ 11ರಂದು ಆ ನಗರದ ಜೋಡಿ ಗೋಪುರಗಳು ಕುಸಿದಾಗ, ಜನರೆಲ್ಲ ಇಳಿದು ಓಡಿಬರುತ್ತಿದ್ದ ಮೆಟ್ಟಿಲುಗಳನ್ನು ಹತ್ತಿ ಹೋಗಿದ್ದ 343 ಮಂದಿ ಅಗ್ನಿಶಾಮಕರು ಮಡಿದರು. 2015ರ ಮೇ 9ರಂದು ಮುಂಬಯಿಯ ಕಾಳಬಾದೇವಿಯಲ್ಲಿ ಬೆಂಕಿ ಬಿದ್ದ ಹಳೆಯ ಕಟ್ಟಡ ಕುಸಿದಾಗ ಸಿಲುಕಿದ ಅಗ್ನಿಶಾಮಕ ದಳದ ನಾಲ್ವರು ಅಧಿಕಾರಿಗಳನ್ನು, ಕೆಲವರನ್ನು ಅಂದೇ, ಕೆಲವರನ್ನು ಆಸ್ಪತ್ರೆಯಲ್ಲಿ, ಆ ನಗರ ಕಳೆದುಕೊಂಡಿತು. ಅಂಥವರ ಕಡೆಯ ಯಾತ್ರೆ ಫೈರ್ ಇಂಜಿನ್ನಿನ ಮೇಲೆಯೇ ಆಗುವುದು ಆ ಕಸುಬಿನ ಪದ್ಧತಿ. ಕೆಲಸಕ್ಕೆ ಕೊಂಡೊಯ್ಯುತ್ತಿದ್ದ ಬಂಡಿಯೇ ಅವನನ್ನು ಕೆಲಸದಿಂದ ಬಿಡುಗಡೆ ಮಾಡಿ ಕರೆದೊಯ್ಯುತ್ತದೆ.

ಈ ದೇಶದ ಅಗ್ನಿಶಾಮಕರೆಲ್ಲರೂ ಒಟ್ಟಾಗಿ ತಲೆಬಾಗುವ ದಿನ ಏಪ್ರಿಲ್ 14. 1944ರ ಅದೇ ದಿನ ಮುಂಬಯಿಯ ವಿಕ್ಟೋರಿಯಾ ಹಡಗುಕಟ್ಟೆಯಲ್ಲಿ ನಿಂತಿದ್ದ 'ಫೋರ್ಟ್ ಸ್ಟಿಕಿನ್' ಎಂಬ ಹಡಗಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ಒಡಲಲ್ಲಿ ಹತ್ತಿಯ ಮೂಟೆಗಳು. ಅವುಗಳ ಜೊತೆಗೆ ಸುಮಾರು 1,400 ಟನ್ನಿನಷ್ಟು ಸ್ಫೋಟಕಗಳು. ಹತ್ತಿಗೆ ಹಿಡಿದ ಬೆಂಕಿ ಒಳಗೊಳಗೇ ಉರಿಯುತ್ತದೆ. ಅಗ್ನಿಶಾಮಕರು ಹಡಗಿನ ಮೇಲೂ ಕಟ್ಟೆಯ ಮೇಲೂ ನಿಂತು ನೀರು ಹಾಯಿಸುತ್ತಲೇ ಇದ್ದರು. ಸಂಜೆ ನಾಲ್ಕು ದಾಟಿದ ಕೂಡಲೇ ಮೊದಲನೆಯ ಸ್ಫೋಟ. ಅರ್ಧ ಗಂಟೆಯ ತರುವಾಯ ಅದಕ್ಕಿಂತ ಘೋರವಾದ ಎರಡನೆಯದು. ಅಗ್ನಿಶಾಮಕ ದಳದ 66 ಮಂದಿ ಅಂದು ಇಲ್ಲವಾದರು. ಅವರ ನೆನಪಿಗಾಗಿ ಪ್ರತಿವರ್ಷವೂ ಏಪ್ರಿಲ್ 14ರಂದು ಠಾಣೆಠಾಣೆಗಳಲ್ಲಿ ಮೌನ ಆಚರಿಸುತ್ತಾರೆ. ಅಂದಿನಿಂದ 20ರ ವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಪೋಲೀಸರಿಗೆ ಇಂಥದೇ ದಿನ ಅಕ್ಟೋಬರ್ 21. 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀಯರ ಗುಂಡಿಗೆ ಹತ್ತು ಮಂದಿ ಪೋಲೀಸರು ಬಲಿಯಾದ ದಿನ. ಅಂದು ಆ ವರ್ಷದಲ್ಲಿ ಮಡಿದವರೆಲ್ಲರ ಹೆಸರುಗಳನ್ನು ಓದುತ್ತಾರೆ. ಅರಣ್ಯ ಇಲಾಖೆಯವರಿಗೆ ಸೆಪ್ಟೆಂಬರ್ 11. 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿಯಲ್ಲಿ ಮರಗಳನ್ನು ತಬ್ಬಿ ಪ್ರಾಣ ಕೊಟ್ಟ 363 ಮಂದಿ ಬಿಷ್ಣೋಯಿ ಜನರ ನೆನಪಿಗಾಗಿ 2013ರಿಂದ ಅದನ್ನು ರಾಷ್ಟ್ರೀಯ ಅರಣ್ಯ ಹುತಾತ್ಮರ ದಿನವೆಂದು ಆಚರಿಸಲಾಗುತ್ತಿದೆ.

"ಏಪ್ರಿಲ್ ಹದಿನಾಲ್ಕರ ಹಿಂದಿನ ರಾತ್ರಿ ಅವರು ಬೆಲ್ಟಿನ ಹಿತ್ತಾಳೆ ಉಜ್ಜುತ್ತ ಕೂತಿರುತ್ತಿದ್ದರು" ಎಂದರು ಮೃತರ ಪತ್ನಿ. "ಹುಣಸೆಹಣ್ಣು ಹಾಕಿ ಉಜ್ಜುವರು. ನನ್ನ ಹುಣಸೆಹಣ್ಣೆಲ್ಲ ಅದಕ್ಕೇ ಆಗಿಹೋಗುತ್ತದೆ ಎಂದು ನಾನು ಬೈಯುತ್ತಿದ್ದೆ." ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಹೇಳಿದರು: "ಬೆಂಕಿಯಲ್ಲಿ ಸತ್ತಿದ್ದರೆ ಬಾವುಟ ಬರುತ್ತಿತ್ತು. ಬದುಕಿ ಮನೆಗೆ ಬಂದದ್ದಕ್ಕೆ ಏನೂ ಇಲ್ಲ, ಅಲ್ಲವೇ?"

ಈ ಮಾತಿಗೆ ಆ ಮೂವರಲ್ಲಿ ಯಾರಿಂದಲೂ ಉತ್ತರ ಬರಲಿಲ್ಲ. ಅದು ದೂರಿನ ಮಾತಾಗಿರಲಿಲ್ಲ, ಲೆಕ್ಕದ ಮಾತಾಗಿದ್ದಿತು. ಮೂವತ್ತು ವರ್ಷ ಆಕೆ ರಾತ್ರಿಗಳನ್ನು ಎಣಿಸಿದ್ದರು. ಬೆಂಕಿ ಆರಿತೆಂಬ ಸುದ್ದಿ ಊರಿಗೆ ಬಂದ ಮೇಲೆಯೂ ಗಂಡ ಬರುತ್ತಿರಲಿಲ್ಲ. ಒಂದು ಗಂಟೆ, ಕೆಲವೊಮ್ಮೆ ಎರಡು ಗಂಟೆ ತಡ. ಕೇಳಿದರೆ, "ಬೂದಿಯ ಕೆಳಗೆ ಕೆಂಡ ಇರುತ್ತದೆ. ಆರಿತು ಎಂದು ನಾವು ಹೇಳಿದರಾಗದು, ಬೆಂಕಿಯೇ ಹೇಳಬೇಕು" ಎನ್ನುತ್ತಿದ್ದರು. ಅನ್ನ ಆರಿ ತಣ್ಣಗಾಗಿರುತ್ತಿತ್ತು.

ಒಲೆಯ ಮೇಲಿನ ಅನ್ನವನ್ನು ಹೀಗೆ ಮತ್ತೆ ಮತ್ತೆ ಬಿಸಿಮಾಡಿದ ಹೆಂಗಸರಿಗೆ ಯಾವ ಸಂಹಿತೆಯಲ್ಲಿಯೂ ಒಂದು ಅಧ್ಯಾಯವಿಲ್ಲ. ಕಾಡಿನಲ್ಲಿ ಹಸಿಯ ಸೊಪ್ಪಿನ ಕೊಂಬೆಯಿಂದ ಬೆಂಕಿಯನ್ನು ಬಡಿದು ಆರಿಸುವ ದಿನಗೂಲಿಯ ಕಾವಲುಗಾರರ ಕತೆಯೂ ಇದಕ್ಕಿಂತ ದೂರವಲ್ಲ. 2017ರ ಫೆಬ್ರವರಿ 18ರಂದು ಬಂಡೀಪುರದ ಕಲ್ಕೆರೆ ವಲಯದಲ್ಲಿ ಕಾಡ್ಗಿಚ್ಚನ್ನು ಆರಿಸಲು ಹೋದ ತರುಣ ಅರಣ್ಯರಕ್ಷಕನೊಬ್ಬ ಜ್ವಾಲೆಯ ನಡುವೆ ಸಿಲುಕಿ ಮಡಿದ. ಅವನ ಹೆಸರು ಹುತಾತ್ಮರ ಸಾಲಿಗೆ ಸೇರಿತು, ಸೇರತಕ್ಕದ್ದೇ. ಆದರೆ ಅಂಥದೇ ಬೆಂಕಿಯಿಂದ ಬದುಕಿ ಬಂದು, ಹೊಗೆ ತಿಂದ ಎದೆಯನ್ನು ಹಿಡಿದುಕೊಂಡು, ಹತ್ತಿಪ್ಪತ್ತು ವರ್ಷಗಳ ಮೇಲೆ ಹಾಸಿಗೆಯಲ್ಲಿ ಕಣ್ಣು ಮುಚ್ಚುವವರ ಹೆಸರನ್ನು ಓದುವ ದಿನ ಯಾವ ಪಂಚಾಂಗದಲ್ಲಿಯೂ ಇಲ್ಲ.

"ನೀವಾದರೂ ಒಂದು ಸಲಾಮು ಮಾಡಿ, ಚಿಕ್ಕಪ್ಪಾ" ಎಂದ ಮಗ, ಸಂಕೋಚದಿಂದ.

ಠಾಣಾಧಿಕಾರಿಗಳು ತಲೆಯ ಮೇಲೆ ಕೈಯಾಡಿಸಿಕೊಂಡರು. ನರೆತ ಕೂದಲು ಮಾತ್ರವಿದ್ದಿತು.

"ಟೋಪಿ ಇಲ್ಲದ ತಲೆಯಿಂದ ಸಲಾಮು ಮಾಡುವಂತಿಲ್ಲ, ಮಗು. ಅದು ನಮ್ಮ ಮೊದಲನೆಯ ಪಾಠ. ಬರಿದಲೆಯವನು ಸೆಟೆದು ನಿಲ್ಲಬಹುದು, ಅಷ್ಟೇ. ಟೋಪಿಯನ್ನು ನಿವೃತ್ತನಾದ ದಿನ ಒಪ್ಪಿಸಿ ಬಂದೆ. ಈಗ ನಾಟಕದವನ ಹಾಗೆ ಇನ್ನೊಂದನ್ನು ಇಟ್ಟುಕೊಂಡು ಬಂದರೆ, ಒಳಗೆ ಮಲಗಿರುವ ಅಣ್ಣನೇ ಎದ್ದು ಬೈದಾನು."

ಮಧ್ಯಾಹ್ನಕ್ಕೆ ಮಗಳು ಬಂದಳು. ಬಾಗಿಲಲ್ಲಿ ಬಿದ್ದು ಅತ್ತಳು. ಆಕೆಯ ಸೀರೆಯಲ್ಲಿ ಬಸ್ಸಿನ ಧೂಳು, ಮಗುವಿನ ಕೈಯಲ್ಲಿ ಅರ್ಧ ತಿಂದ ಬಾಳೆಯ ಹಣ್ಣು. ಅಳಿಯ ಬರಲಾಗಲಿಲ್ಲವೆಂದು ಆಕೆ ಹೇಳಿದಾಗ ಯಾರೂ ಆಕ್ಷೇಪಿಸಲಿಲ್ಲ. ಆ ಮನೆಯಲ್ಲಿ ಅದು ಆಕ್ಷೇಪಿಸುವ ಸಂಗತಿಯಾಗಿರಲಿಲ್ಲ.

ಶವವನ್ನು ಚಟ್ಟದ ಮೇಲಿಟ್ಟು ಸುವರ್ಣಾವತಿಯ ದಂಡೆಯ ಮಸಣದ ಕಡೆಗೆ ಹೊರಟರು. ಮುಂದೆ ತಮಟೆ, ಹಿಂದೆ ಪುರಿ ಚೆಲ್ಲುವವರು. ಮೂವರು ವೃದ್ಧರೂ ಚಟ್ಟದ ಎಡಬದಿಯಲ್ಲಿ, ಯಾರೂ ಹೇಳದೆಯೇ, ಒಂದೇ ಹೆಜ್ಜೆ ಹಾಕುತ್ತ ನಡೆಯುತ್ತಿದ್ದರು. ಕೊಳ್ಳೇಗಾಲದಿಂದ ಚಾಮರಾಜನಗರಕ್ಕೆ ಹೋಗುವ ಹೆದ್ದಾರಿ ಬಂದಿತು. ಶವಯಾತ್ರೆಗೆ ದಾರಿ ಬಿಡುವುದು ಲೋಕದ ಪದ್ಧತಿ. ಲಾರಿಗಳು ನಿಂತವು, ಬಸ್ಸು ನಿಂತಿತು, ಬೈಸಿಕಲ್ಲಿನವರು ಇಳಿದು ನಿಂತರು. ಜನ ರಸ್ತೆಯ ನಡುವೆ ನಿಧಾನವಾಗಿ ಸಾಗುತ್ತಿದ್ದರು.

ಆಗ ದೂರದಿಂದ ಸೈರನ್ ಕೇಳಿಸಿತು.

ಮೊದಲು ಅದನ್ನು ಗುರುತಿಸಿದವರು ಚಾಲಕರಾಗಿದ್ದವರು. ಅವರು ತಲೆಯೆತ್ತಿ ಗಾಳಿಯ ದಿಕ್ಕಿನಲ್ಲಿ ನೋಡಿದರು. ದಿಗಂತದಲ್ಲಿ, ಕಬ್ಬಿನ ಗದ್ದೆಗಳಾಚೆ, ಕಪ್ಪನೆಯ ಹೊಗೆಯ ಕಂಬವೊಂದು ಏಳುತ್ತಿದ್ದಿತು. ಠಾಣಾಧಿಕಾರಿಗಳು ಒಡನೆಯೇ ಕೈಯೆತ್ತಿ, ವರ್ಷಗಳಿಂದ ಬಳಸದಿದ್ದ ಗಡುಸು ಕಂಠದಲ್ಲಿ ಕೂಗಿದರು:

"ತಮಟೆ ನಿಲ್ಲಲಿ! ಚಟ್ಟ ಎಡಕ್ಕೆ! ರಸ್ತೆ ಬಿಡಿ!"

ಹೊತ್ತವರು ದಿಗ್ಭ್ರಮೆಗೊಂಡರು. ಹೆಣವನ್ನು ಪಕ್ಕಕ್ಕೆ ಸರಿಸುವುದು ಅಶುಭವೆಂದು ಯಾರೋ ಗೊಣಗಿದರು. ಆದರೆ ಆ ಕಂಠದಲ್ಲಿ ಎದುರಾಡುವ ಎಡೆಯಿರಲಿಲ್ಲ. ಮಗ ಮುಂದಿನ ಕೊಂಬನ್ನು ಹಿಡಿದು ತಾನೇ ಎಡಕ್ಕೆ ತಿರುಗಿಸಿದ. ಚಟ್ಟ ರಸ್ತೆಯ ಬದಿಗೆ ಸರಿಯಿತು. ಜೀವಮಾನವೆಲ್ಲ ಯಾವ ಬಂಡಿಗಾಗಿ ಊರಿನವರನ್ನು 'ದಾರಿ ಬಿಡಿ, ದಾರಿ ಬಿಡಿ' ಎಂದು ಬೇಡಿಕೊಂಡಿದ್ದರೋ, ಆ ಬಂಡಿಗೆ ಬೆಂಕಿ ತಾತ ಅಂದು ತಾವೇ ದಾರಿ ಬಿಟ್ಟರು.

ಫೈರ್ ಇಂಜಿನ್ನು ತಿರುವಿನಲ್ಲಿ ವೇಗ ತಗ್ಗಿಸಿ ಬಂದಿತು. ಮೂವರು ವೃದ್ಧರು ಚಟ್ಟದ ಪಕ್ಕದಲ್ಲಿ ಹಿಮ್ಮಡಿ ಕೂಡಿಸಿ, ಮುಷ್ಟಿ ಬಿಗಿದು, ಬರಿದಲೆಯಲ್ಲಿ ಸೆಟೆದು ನಿಂತರು. ಬಂಡಿಯ ಕಿಟಕಿಯ ಬಳಿ ಕುಳಿತಿದ್ದ ನಡುವಯಸ್ಸಿನ ಅಗ್ನಿಶಾಮಕನೊಬ್ಬ ಅವರನ್ನು ಕಂಡ. ಅವರ ಪಕ್ಕದಲ್ಲಿದ್ದ ಹೂವಿನ ರಾಶಿಯನ್ನು ಕಂಡ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೃತರ ಕೈಕೆಳಗೆ ಹಗ್ಗದ ಗಂಟುಗಳನ್ನು ಕಲಿತವನು ಅವನು. ಬೆಳಗ್ಗೆ ಸುದ್ದಿ ತಿಳಿದರೂ ಸರದಿಯ ಮೇಲಿದ್ದುದರಿಂದ ಬರಲಾಗಿರಲಿಲ್ಲ. ಅವನ ತಲೆಯ ಮೇಲೆ ಹೆಲ್ಮೆಟ್ ಇದ್ದಿತು. ಬಲಗೈ ಮೇಲೆದ್ದು ಹೆಲ್ಮೆಟ್ಟಿನ ಅಂಚನ್ನು ಮುಟ್ಟಿತು. ಬಂಡಿ ನಿಲ್ಲಲಿಲ್ಲ, ನಿಲ್ಲಬಾರದು. ಕಬ್ಬಿನ ಗದ್ದೆಯ ಹೊಗೆಯ ಕಡೆಗೆ ಧೂಳೆಬ್ಬಿಸಿಕೊಂಡು ಅದು ಮರೆಯಾಗುವವರೆಗೂ ಆ ಕೈ ಕಿಟಕಿಯಲ್ಲಿ ಕಾಣಿಸುತ್ತಿದ್ದಿತು.

"ನಡೆಯಿರಿ" ಎಂದರು ಠಾಣಾಧಿಕಾರಿಗಳು, ಕಣ್ಣೊರೆಸಿಕೊಂಡು. ತಮಟೆ ಮತ್ತೆ ಮೊದಲಾಯಿತು.

ಮಸಣದಲ್ಲಿ ಇನ್ನೊಂದು ಸಂಗತಿ ನಡೆಯಿತು. ಸೌದೆ ಒಟ್ಟುವ ಮೊದಲೇ, ಹೋಸು ಪೈಪಿನ ಗೆಳೆಯರು ನೆಲದಿಂದ ಚಿಟಿಕೆ ಮಣ್ಣು ತೆಗೆದು ಮೇಲಕ್ಕೆ ಹಾರಿಸಿ ಗಾಳಿ ಎತ್ತಣಿಂದ ಬೀಸುತ್ತಿದೆಯೆಂದು ನೋಡಿದರು. ಸುತ್ತಲೂ ಮಾರುದ್ದ ಒಣಹುಲ್ಲು ಬೆಳೆದಿತ್ತು. ಮೂವರೂ ಪಂಚೆಯನ್ನು ಮೇಲೆ ಕಟ್ಟಿ, ಗುದ್ದಲಿ ಕೇಳಿ ತೆಗೆದುಕೊಂಡು, ಚಿತೆಯ ಸುತ್ತ ಒಂದು ಮಾರಿನಗಲ ಹುಲ್ಲನ್ನು ಕೆತ್ತಿ ತೆಗೆದರು. ಕಾಡಿನವರು ಬೇಸಗೆಗೆ ಮುಂಚೆ ತೆಗೆಯುವ ಬೆಂಕಿಯ ಗೆರೆ ಅದು. ನದಿಯಿಂದ ನಾಲ್ಕು ಬಿಂದಿಗೆ ನೀರು ತಂದು ನಾಲ್ಕು ಮೂಲೆಗಳಲ್ಲಿ ಇಟ್ಟರು. ಚಿತೆಯನ್ನು ಆರಿಸುವುದಕ್ಕಲ್ಲ, ಅದು ಮೇರೆ ಮೀರದಿರುವುದಕ್ಕೆ. ಬೆಂಕಿಯನ್ನು ಆರಿಸುತ್ತಲೇ ಬಾಳಿದವನನ್ನು ಬೆಂಕಿಗೆ ಒಪ್ಪಿಸುವಾಗ, ಆ ಬೆಂಕಿಯಿಂದ ಇನ್ನೊಬ್ಬನ ಗದ್ದೆಗೆ ಕೇಡಾಗಬಾರದು. ಪೆಟ್ಟಿಗೆಯ ಮೇಲಿನ ಧ್ವಜಕ್ಕೆ ಎಷ್ಟು ಅರ್ಥವುಂಟೋ, ಆ ಕೆತ್ತಿದ ನೆಲಕ್ಕೂ ಅಷ್ಟೇ ಅರ್ಥವುಂಟೆಂದು ಅಲ್ಲಿದ್ದ ಕೆಲವರಿಗಾದರೂ ಅನ್ನಿಸಿರಬೇಕು.

ಮಗ ನೀರಿನ ಮಡಕೆಯನ್ನು ಹೊತ್ತು ಸುತ್ತು ಬಂದು, ಒಡೆದು, ಕೊಳ್ಳಿಯಿಟ್ಟ. ಪುರೋಹಿತರು, "ಇನ್ನು ಹಿಂತಿರುಗಿ ನೋಡದೆ ನಡೆಯಿರಿ" ಎಂದರು. ಸಂಪ್ರದಾಯ ಹಾಗೆ. ಹೋದವನ ಮೇಲಿನ ಮೋಹ ಹಿಂದಕ್ಕೆ ಸೆಳೆಯಬಾರದು, ಹೋದವನಿಗೂ ಬಂಧನವಾಗಬಾರದು. ಬಂದಿದ್ದವರೆಲ್ಲರೂ ಬೆನ್ನು ತಿರುಗಿಸಿ ನದಿಯ ಕಡೆಗೆ ಇಳಿದರು.

ಮೂವರು ಮಾತ್ರ ಕದಲಲಿಲ್ಲ.

"ನೀವೂ ಬರಬೇಕು, ಸ್ವಾಮಿ. ತಿರುಗಿ ನೋಡಬಾರದು" ಎಂದರು ಪುರೋಹಿತರು.

"ಕ್ಷಮಿಸಬೇಕು" ಎಂದರು ಠಾಣಾಧಿಕಾರಿಗಳು ಕೈಮುಗಿದು. "ನಮ್ಮ ಶಾಸ್ತ್ರ ಬೇರೆ. ಉರಿಯುತ್ತಿರುವ ಬೆಂಕಿಗೆ ಬೆನ್ನು ತಿರುಗಿ ಹೋಗಬಾರದು ಎಂದು ನಮಗೆ ಕಲಿಸಿದ್ದು. ಕಲಿಸಿದವನೂ ಇವನೇ."

ಪುರೋಹಿತರು ಒಂದು ಕ್ಷಣ ಯೋಚಿಸಿ, ತಲೆಯಾಡಿಸಿ ನಡೆದರು.

ಬಿಸಿಲು ಬಿಳಿಗಿರಿರಂಗನ ಬೆಟ್ಟದ ನೆತ್ತಿಯಿಂದ ಜಾರುವ ತನಕ ಆ ಮೂವರು ಅಲ್ಲಿಯೇ ಇದ್ದರು. ಕಿಡಿ ಹಾರಿದಾಗಲೆಲ್ಲ ಒಬ್ಬರು ಎದ್ದು ಹೋಗಿ ಕಾಲಿನಿಂದ ಒರೆಸಿ ಬರುತ್ತಿದ್ದರು. ಮಾತು ಹೆಚ್ಚಿರಲಿಲ್ಲ. ಎದ್ದ ಜ್ವಾಲೆ ಬಾಗಿತು, ಬಾಗಿದ್ದು ಕೆಂಡವಾಯಿತು, ಕೆಂಡದ ಮೇಲೆ ಬೂದಿಯ ತೆಳುವಾದ ಹೊದಿಕೆ ಬಿದ್ದಿತು. ಆಗ ಅವರು ಎದ್ದು, ಮತ್ತೊಮ್ಮೆ ಸಾಲಾಗಿ ಸೆಟೆದು ನಿಂತು, ನದಿಯಲ್ಲಿ ಮಿಂದು ಊರಿಗೆ ಬಂದರು.

ಮನೆಯಲ್ಲಿ ದೀಪ ಹಚ್ಚಿದ್ದರು. ಬಂದವರೆಲ್ಲ ದೀಪ ನೋಡಿಕೊಂಡು ಹೊರಟುಹೋಗಿ ಬಹಳ ಹೊತ್ತಾಗಿದ್ದಿತು. ಮೃತರ ಪತ್ನಿ ಗೋಡೆಗೊರಗಿ ಬಾಗಿಲ ಕಡೆಗೇ ನೋಡುತ್ತ ಕುಳಿತಿದ್ದರು.

"ಇಷ್ಟು ಹೊತ್ತಾಯಿತೇ?" ಎಂದು ಕೇಳಿದರು.

"ಹೌದು, ಅತ್ತಿಗೆ. ಪೂರ್ತಿ ಕೆಂಡವಾಗುವ ತನಕ ಇದ್ದು ನೋಡಿಕೊಂಡು ಬಂದೆವು."

ಆಕೆ ಸ್ವಲ್ಪ ಹೊತ್ತು ಏನನ್ನೂ ನುಡಿಯಲಿಲ್ಲ. ಬೆಳಗಿನಿಂದ ಅವರ ಮುಖದಲ್ಲಿ ಇದ್ದ ಪ್ರಶ್ನೆ ಸಡಿಲವಾಗುತ್ತ ಬಂದಂತೆ ತೋರಿತು.

"ಅವರೂ ಯಾವಾಗಲೂ ಹೀಗೆಯೇ ತಡವಾಗಿ ಬರುತ್ತಿದ್ದರು" ಎಂದರು. ಬಳಿಕ ಮಗಳ ಕಡೆ ತಿರುಗಿ, "ಪಕ್ಕದ ಮನೆಯವರು ತಂದುಕೊಟ್ಟ ಅನ್ನ ಆರಿಹೋಗಿದೆ. ಮೂವರಿಗೂ ಬಿಸಿ ಮಾಡಿಸಿ ಬಡಿಸು, ತಾಯಿ" ಎಂದರು.